ತಾರೀಕು ಹೇಳದ ವಾಪಸಾತಿ

ಸಭೆಯಲ್ಲಿ ಆಡಿದ ಮಾತನ್ನೇ ಇಲ್ಲಿ ಬರೆದಿದ್ದೇನೆ. ಸಮಯ ಸಾಲದೆ ಬಿಟ್ಟಿದ್ದ ಕೆಲವು ವಿವರ ಸೇರಿಸಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಎರಡನ್ನು ಉಳಿಸಿಕೊಂಡಿದ್ದೇನೆ.

ಸೋವಿಯತ್ ಸೇನೆ ಅಫ್ಘಾನಿಸ್ತಾನ ಬಿಟ್ಟು ಹೊರಟ ಕಥೆ ಅಂದರೆ ಎಲ್ಲರೂ ಮೊದಲು ಹೇಳುವ ತಾರೀಕು 1989ರ ಫೆಬ್ರವರಿ 15. ಅವತ್ತು 40ನೇ ಸೇನೆಯ ಕಮಾಂಡರ್ ಬೊರಿಸ್ ಗ್ರೊಮೊವ್ ಆಮು ದರಿಯಾ ನದಿಯ ಸೇತುವೆಯನ್ನು ನಡೆದೇ ದಾಟಿ ಸೋವಿಯತ್ ಕಡೆಯ ಊರಾದ ತೆರ್ಮೆಜ್ ಸೇರಿದರು. ನನ್ನ ಹಿಂದೆ ಒಬ್ಬ ಸೋವಿಯತ್ ಸೈನಿಕನೂ ಉಳಿದಿಲ್ಲ ಅಂದರು. ಸೆರೆಸಿಕ್ಕವರು, ಕಾಣೆಯಾದವರು ಉಳಿದೇ ಇದ್ದರು, ಅದನ್ನು ಇಲ್ಲೇ ಹೇಳಿಬಿಡುತ್ತೇನೆ. ಆದರೆ ಇವತ್ತು ನನಗೆ ಮುಖ್ಯವಾದ ದಿನ ಅದಲ್ಲ. ಅದಕ್ಕಿಂತ ಮೂರು ವರ್ಷಕ್ಕೂ ಹಿಂದಿನ ಇನ್ನೊಂದು ದಿನ, 1985ರ ಅಕ್ಟೋಬರ್ 17.

ಅವತ್ತು ಮಾಸ್ಕೋದಲ್ಲಿ ಕಮ್ಯುನಿಸ್ಟ್ ಪಕ್ಷದ ಅತ್ಯುನ್ನತ ಸಮಿತಿಯಾದ ಪೊಲಿಟ್‌ಬ್ಯೂರೊ ಸಭೆ ಇತ್ತು. ಗೋರ್ಬಚೆವ್ ಅಧಿಕಾರಕ್ಕೆ ಬಂದು ಏಳು ತಿಂಗಳಾಗಿತ್ತು. ಅವರು ಸಭೆಗೆ ಒಂದಷ್ಟು ಪತ್ರ ತಂದು ಓದಿದರು. ಸೈನಿಕರ ತಾಯಂದಿರು ಬರೆದ ಪತ್ರ. ನಮ್ಮ ಮಕ್ಕಳು ಅಲ್ಲಿ ಯಾಕೆ ಸಾಯುತ್ತಿದ್ದಾರೆ ಅನ್ನುವುದೇ ಅವುಗಳ ಪ್ರಶ್ನೆ. ಹೊರಡುವ ದಾರಿ ಹುಡುಕಬೇಕು ಅನ್ನುವುದಕ್ಕೆ ಆ ಕೋಣೆಯಲ್ಲಿ ಯಾರೂ ಅಡ್ಡಿ ಹೇಳಲಿಲ್ಲ. ಇದೆಲ್ಲ ನಮಗೆ ಗೊತ್ತಿರುವುದು ಅನಾತೊಲಿ ಚೆರ್ನ್ಯಾಯೆವ್ ಇಟ್ಟಿದ್ದ ದಿನಚರಿಯಿಂದ, ಆಮೇಲೆ ಅವರೇ ಗೋರ್ಬಚೆವ್‌ಗೆ ವಿದೇಶಾಂಗ ಸಲಹೆಗಾರರಾದರು.

ಅಂದರೆ 1985ರಲ್ಲೇ ಗೊತ್ತಿತ್ತು. ಗೆಲ್ಲಲು ಆಗುವುದಿಲ್ಲ, ಹೊರಡಬೇಕು ಅಂತ ಗೊತ್ತಿತ್ತು. ಹೊರಟಿದ್ದು 1989ರಲ್ಲಿ. ಸೋವಿಯತ್ ಸರ್ಕಾರವೇ ಆಮೇಲೆ ಕೊಟ್ಟ ವರ್ಷವಾರು ಲೆಕ್ಕ ಕೂಡಿದರೆ 1985ರಿಂದ ಕೊನೆಯವರೆಗೆ ಸತ್ತ ಸೈನಿಕರು ಐದು ಸಾವಿರಕ್ಕೂ ಜಾಸ್ತಿ. ಅಫ್ಘನ್ನರ ಲೆಕ್ಕ ಹಾಗೆ ವರ್ಷ ವರ್ಷ ಬರೆದಿಟ್ಟವರೇ ಇಲ್ಲ. ಇಡೀ ಯುದ್ಧದಲ್ಲಿ ಹತ್ತು ಲಕ್ಷದ ಆಸುಪಾಸು ಜನ ಸತ್ತರು ಅನ್ನುವ ಅಂದಾಜಿದೆ. ಐವತ್ತು ಲಕ್ಷಕ್ಕೂ ಹೆಚ್ಚು ಜನ ಪಾಕಿಸ್ತಾನಕ್ಕೆ, ಇರಾನಿಗೆ ಓಡಿಹೋದರು. ಅದರಲ್ಲಿ ಎಷ್ಟು ಈ ನಡುವಿನ ಕಾಲದ್ದು ಅಂತ ಯಾರೂ ಹೇಳಲಾರರು. ನಾನು ಮಾತಾಡಬೇಕು ಅಂದುಕೊಂಡಿರುವುದು ಈ ನಡುವಿನ ಕಾಲದ ಬಗ್ಗೆಯೇ.

ಒಳಗೆ ಹೋದದ್ದು ಹೇಗೆ ಅನ್ನುವುದನ್ನು ಬೇಗ ಮುಗಿಸುತ್ತೇನೆ. 1979ರ ಮಾರ್ಚ್‌ನಲ್ಲಿ ಹೆರಾತ್‌ನಲ್ಲಿ ದಂಗೆ ಎದ್ದಾಗ ಕಾಬೂಲಿನ ಕಮ್ಯುನಿಸ್ಟ್ ನಾಯಕ ತರಕಿ ಫೋನ್ ಮಾಡಿ ಸೈನ್ಯ ಕಳಿಸಿ ಅಂತ ಬೇಡಿದರು. ಮಾಸ್ಕೋ ಆಗುವುದಿಲ್ಲ ಅಂದಿತು. ನಾವು ಬಂದರೆ ನಿಮ್ಮ ಜನರ ವಿರುದ್ಧವೇ ಹೋರಾಡಬೇಕಾಗುತ್ತದೆ ಅನ್ನುವ ಮಾತು ಆಗಲೇ ಬಂತು. ಯಾಕೆ ಹೋಗಬಾರದು ಅನ್ನುವ ಕಾರಣಗಳೆಲ್ಲ ಗುಪ್ತಚರ ಸಂಸ್ಥೆ ಕೆಜಿಬಿಯ ಮುಖ್ಯಸ್ಥ ಆಂದ್ರೊಪೊವ್, ವಿದೇಶಾಂಗ ಮಂತ್ರಿ ಗ್ರೊಮಿಕೊ ಇವರ ಬಾಯಲ್ಲೇ ಬಂದವು. ಒಂಬತ್ತು ತಿಂಗಳ ನಂತರ ಅದೇ ಜನ ಸೈನ್ಯ ಕಳಿಸಿದರು. ಸೇನೆಯ ಮುಖ್ಯಸ್ಥ ಒಗಾರ್ಕೊವ್ ಬೇಡ ಅಂದಿದ್ದರು, ಅವರ ಮಾತು ನಡೆಯಲಿಲ್ಲ. ಡಿಸೆಂಬರ್ 27ರಂದು ಅಧ್ಯಕ್ಷ ಅಮೀನ್‌ರನ್ನು ಅರಮನೆಯಲ್ಲೇ ಕೊಂದು ಬಬ್ರಾಕ್ ಕರ್ಮಲ್‌ರನ್ನು ಕೂರಿಸಿದರು. ಆ ಸೈನ್ಯಕ್ಕೆ ಇಟ್ಟ ಹೆಸರು 'ಸೀಮಿತ ಪಡೆ'. ಆ ಸೀಮಿತ ಪಡೆ ಲಕ್ಷ ದಾಟಿತು.

ಈಗ ಜನರ ವಿಷಯ. ಸೋವಿಯತ್ ಒಕ್ಕೂಟದಲ್ಲಿ ಬೀದಿಗಿಳಿದು ಯುದ್ಧ ಬೇಡ ಅನ್ನಲು ಆಗುತ್ತಿರಲಿಲ್ಲ. ಅಣುವಿಜ್ಞಾನಿ ಸಖಾರೊವ್ ಬಾಯಿಬಿಟ್ಟು ಟೀಕಿಸಿದರು, 1980ರ ಜನವರಿಯಲ್ಲಿ ಅವರನ್ನು ಗೋರ್ಕಿ ಊರಿಗೆ ಗಡಿಪಾರು ಮಾಡಿದರು. ಚುನಾವಣೆ ಇಲ್ಲ, ವಿರೋಧ ಪಕ್ಷ ಇಲ್ಲ, ಪತ್ರಿಕೆಗಳಲ್ಲಿ ನಮ್ಮ ಹುಡುಗರು ಅಲ್ಲಿ ಮರ ನೆಡುತ್ತಿದ್ದಾರೆ, ಶಾಲೆ ಕಟ್ಟುತ್ತಿದ್ದಾರೆ ಅನ್ನುವ ಸುದ್ದಿ. ಆದರೂ ಈ ಯುದ್ಧ ಜನರಿಗೆ ಬೇಡವಾಗಿತ್ತು. ಅದು ಹೇಗೆ ಗೊತ್ತಾಯಿತು ಅಂದರೆ ಶವಪೆಟ್ಟಿಗೆಗಳಿಂದ.

ಸತುವಿನ ಪೆಟ್ಟಿಗೆ, ಬೆಸುಗೆ ಹಾಕಿ ಮುಚ್ಚಿದ್ದು. ಮನೆಯವರು ತೆರೆದು ಮುಖ ನೋಡುವಂತಿಲ್ಲ. ಸೇನೆಯ ಕಾಗದದಲ್ಲಿ ಅದರ ಹೆಸರು 'ಸರಕು 200'. ಅದನ್ನು ಹೊತ್ತು ತರುವ ವಿಮಾನವನ್ನು ಸೈನಿಕರು 'ಕಪ್ಪು ಟ್ಯುಲಿಪ್' ಅನ್ನುತ್ತಿದ್ದರು. ಹೆಚ್ಚು ಜನ ಸೇರದ ಹಾಗೆ ಮಣ್ಣು ಮಾಡಿ ಅಂತ ಒತ್ತಾಯ ಇರುತ್ತಿತ್ತು. ಸಮಾಧಿಯ ಕಲ್ಲಿನ ಮೇಲೆ ಅಫ್ಘಾನಿಸ್ತಾನ ಅಂತ ಬರೆಸಲು ಬಹಳ ವರ್ಷ ಬಿಡಲಿಲ್ಲ, 'ಅಂತರರಾಷ್ಟ್ರೀಯ ಕರ್ತವ್ಯ ಮಾಡುತ್ತಾ' ಅಂತ ಬರೆಯಬೇಕು. ಇದನ್ನು ಸ್ವಲ್ಪ ಯೋಚಿಸಿ. ಮಗ ಎಲ್ಲಿ ಸತ್ತ ಅನ್ನುವುದನ್ನು ಕಲ್ಲಿನ ಮೇಲೆ ಬರೆಸುವ ಹಕ್ಕು ಹೆತ್ತವರಿಗಿಲ್ಲ. ಒಂದು ಸರ್ಕಾರಕ್ಕೆ ತನ್ನ ಯುದ್ಧದ ಹೆಸರನ್ನು ಸ್ಮಶಾನದಲ್ಲೂ ಓದಲು ಕೊಡುವ ಧೈರ್ಯ ಇಲ್ಲ ಅಂದರೆ, ಆ ಯುದ್ಧದ ಬಗ್ಗೆ ಆ ಸರ್ಕಾರಕ್ಕೇ ಏನು ಅನ್ನಿಸುತ್ತಿತ್ತು ಅನ್ನುವುದು ಗೊತ್ತಾಗುತ್ತದೆ, ಅಲ್ವಾ?

ಹೀಗಾಗಿ ಜನ ಪತ್ರ ಬರೆದರು. ಪ್ರಾವ್ದಾ ಪತ್ರಿಕೆಗೆ, ಪಕ್ಷದ ಕೇಂದ್ರ ಸಮಿತಿಗೆ. ಗೋರ್ಬಚೆವ್ ಬಂದ ಮೇಲೆ ಪತ್ರಗಳು ರಾಶಿ ಬಿದ್ದವು, ಮೊದಲಿಗಿಂತ ಹೆಚ್ಚು ಜನ ಹೆಸರು ಹಾಕಿ ಬರೆದರು ಅಂತ ಚೆರ್ನ್ಯಾಯೆವ್ ಗುರುತು ಮಾಡಿದ್ದಾರೆ. ಜಾಸ್ತಿ ಪತ್ರ ಹೆಂಗಸರದ್ದು. ಅಧಿಕಾರಿಗಳೂ ಬರೆದರು, ನಾವಿಲ್ಲಿ ಯಾಕಿದ್ದೇವೆ ಅಂತ ನಮ್ಮ ಹುಡುಗರಿಗೆ ಹೇಳಲು ಆಗುತ್ತಿಲ್ಲ ಅಂತ. ಆ ಸಭೆಯಲ್ಲಿ ಗೋರ್ಬಚೆವ್ ಓದಿದ್ದು ಇಂಥ ಪತ್ರಗಳನ್ನೇ.

ಹಾಗಾದರೆ ಓದಿದ ಮೇಲೆ ಏನಾಯಿತು? ಅಕ್ಟೋಬರ್‌ನಲ್ಲೇ ಕರ್ಮಲ್‌ರನ್ನು ಗುಟ್ಟಾಗಿ ಕರೆಸಿ, 1986ರ ಬೇಸಿಗೆ ಹೊತ್ತಿಗೆ ನಿಮ್ಮನ್ನು ನೀವೇ ಕಾಪಾಡಿಕೊಳ್ಳುವುದನ್ನು ಕಲಿತಿರಬೇಕು ಅಂದರು. ಕರ್ಮಲ್ ಬೆಚ್ಚಿಬಿದ್ದರು. 1986ರ ಫೆಬ್ರವರಿಯಲ್ಲಿ ಪಕ್ಷದ ಮಹಾಧಿವೇಶನದಲ್ಲಿ ಗೋರ್ಬಚೆವ್ ಅಫ್ಘಾನಿಸ್ತಾನವನ್ನು 'ರಕ್ತ ಸುರಿಯುವ ಗಾಯ' ಅಂದರು. ಮೇ ತಿಂಗಳಲ್ಲಿ ಕರ್ಮಲ್‌ರನ್ನು ಇಳಿಸಿ ಗುಪ್ತಚರ ದಳದ ಮುಖ್ಯಸ್ಥರಾಗಿದ್ದ ನಜೀಬುಲ್ಲಾರನ್ನು ತಂದರು. ಜುಲೈನಲ್ಲಿ ವ್ಲಾದಿವೊಸ್ತೊಕ್‌ನಲ್ಲಿ ಭಾಷಣ ಮಾಡಿ ಆರು ರೆಜಿಮೆಂಟ್ ವಾಪಸ್ ಕರೆಸುತ್ತೇವೆ ಅಂತ ಘೋಷಿಸಿದರು.

ಈ ಆರು ರೆಜಿಮೆಂಟ್‌ಗಳ ಮೇಲೆ ನಾನು ಸ್ವಲ್ಪ ನಿಲ್ಲುತ್ತೇನೆ. ಅವುಗಳಲ್ಲಿ ವಿಮಾನ ಹೊಡೆದುರುಳಿಸುವ ರೆಜಿಮೆಂಟ್‌ಗಳೂ ಇದ್ದವು. ಎದುರಾಳಿಗಳಾದ ಮುಜಾಹಿದೀನ್‌ಗಳ, ಅಂದರೆ ಅಫ್ಘನ್ ಬಂಡಾಯಗಾರರ, ಹತ್ತಿರ ವಿಮಾನವೇ ಇರಲಿಲ್ಲ! ಅಲ್ಲಿ ಕೆಲಸವೇ ಇಲ್ಲದ ಪಡೆಯನ್ನು ಕರೆಸಿಕೊಂಡು ಅದನ್ನು ವಾಪಸಾತಿ ಅಂದರು. ಪತ್ರಕರ್ತರನ್ನು ಕರೆದರು, ಹೂವು ಕೊಟ್ಟರು. ಯುದ್ಧ ಮಾತ್ರ ಹಾಗೇ ನಡೆಯುತ್ತಿತ್ತು. ಅದೇ ಸೆಪ್ಟೆಂಬರ್‌ನಲ್ಲಿ ಜಲಾಲಾಬಾದ್ ಹತ್ತಿರ ಅಮೆರಿಕದ ಸ್ಟಿಂಗರ್ ಕ್ಷಿಪಣಿಗಳು ಮೊದಲ ಬಾರಿ ಸೋವಿಯತ್ ಹೆಲಿಕಾಪ್ಟರ್‌ಗಳನ್ನು ಬೀಳಿಸಿದವು.

ಹಂತ ಹಂತದ ವಾಪಸಾತಿ ಅಂದಾಗ ನಾವು ಕಣ್ಣಿಡಬೇಕಾದ ಜಾಗ ಇದು. ಎಷ್ಟು ಜನ ಹೊರಟರು ಅನ್ನುವ ಸಂಖ್ಯೆಯಿಂದ ಏನೂ ಗೊತ್ತಾಗುವುದಿಲ್ಲ. ಯಾರು ಹೊರಟರು, ಉಳಿದವರು ಏನು ಮಾಡುತ್ತಿದ್ದಾರೆ, ಕೊನೆಯವನು ಯಾವತ್ತು ಹೊರಡುತ್ತಾನೆ, ಇದನ್ನು ಕೇಳಬೇಕು. ಅಮೆರಿಕವೂ ಇದನ್ನೇ ಮಾಡಿತ್ತು. 1969ರ ಜೂನ್‌ನಲ್ಲಿ ನಿಕ್ಸನ್ ಮಿಡ್‌ವೇ ದ್ವೀಪದಲ್ಲಿ ನಿಂತು ವಿಯೆಟ್ನಾಮ್‌ನಿಂದ 25,000 ಸೈನಿಕರನ್ನು ಕರೆಸುತ್ತೇವೆ ಅಂದರು. ಆಗ ಅಲ್ಲಿ ಇದ್ದವರು ಐದು ಲಕ್ಷಕ್ಕೂ ಹೆಚ್ಚು. ಕೊನೆಯ ಪಡೆ ಹೊರಟಿದ್ದು 1973ರ ಮಾರ್ಚ್‌ನಲ್ಲಿ. ಆ ನಾಲ್ಕು ವರ್ಷದಲ್ಲಿ ಇಪ್ಪತ್ತು ಸಾವಿರ ಅಮೆರಿಕನ್ನರು ಸತ್ತರು. ಸೈನ್ಯ ಕಡಿಮೆಯಾಗುತ್ತಿದೆ ಅನ್ನುವ ಸುದ್ದಿ ಬಂದ ಹಾಗೆಲ್ಲ ಮನೆಯಲ್ಲಿರುವ ಜನರ ಸಿಟ್ಟು ಇಳಿಯುತ್ತದೆ, ಸರ್ಕಾರಕ್ಕೆ ಇನ್ನಷ್ಟು ಸಮಯ ಸಿಗುತ್ತದೆ. ಆ ಸಮಯದ ಬೆಲೆ ಕೊಡುವವರು ಅಲ್ಲಿ ಉಳಿದವರು, ಅವರಿಗಿಂತ ಜಾಸ್ತಿ ಆ ದೇಶದ ಜನ.

ಮತ್ತೆ ಮಾಸ್ಕೋಗೆ ಬರೋಣ. 1986ರ ನವೆಂಬರ್ 13ರ ಪೊಲಿಟ್‌ಬ್ಯೂರೊ ಸಭೆಯ ನಡಾವಳಿ ಈಗ ಓದಲು ಸಿಗುತ್ತದೆ. ದಯವಿಟ್ಟು ಓದಿ. ಗೋರ್ಬಚೆವ್ ಹೇಳುತ್ತಾರೆ, ಆರು ವರ್ಷದಿಂದ ಹೋರಾಡುತ್ತಿದ್ದೇವೆ, ದಾರಿ ಬದಲಿಸದಿದ್ದರೆ ಇನ್ನೂ ಇಪ್ಪತ್ತು ಮೂವತ್ತು ವರ್ಷ ಹೋರಾಡುತ್ತೇವೆ. ಸೇನೆಯ ಮುಖ್ಯಸ್ಥ ಮಾರ್ಷಲ್ ಅಖ್ರೊಮೆಯೆವ್ ಎದ್ದು ಹೇಳುತ್ತಾರೆ, ನಮ್ಮ ಸೈನಿಕ ಕಾಲಿಡದ ತುಂಡು ನೆಲ ಆ ದೇಶದಲ್ಲಿಲ್ಲ, ಆದರೂ ಹೆಚ್ಚಿನ ಭಾಗ ಬಂಡಾಯಗಾರರ ಕೈಯಲ್ಲಿದೆ. ಅಫ್ಘನ್ ಜನರಿಗಾಗಿ ನಡೆದ ಹೋರಾಟದಲ್ಲಿ ನಾವು ಸೋತಿದ್ದೇವೆ ಅನ್ನುವ ಅರ್ಥದ ಮಾತನ್ನೂ ಆಡುತ್ತಾರೆ. ಒಬ್ಬ ಮಾರ್ಷಲ್ ತನ್ನ ಸರ್ಕಾರದ ಮುಖಕ್ಕೆ ಇದಕ್ಕಿಂತ ನೇರವಾಗಿ ಹೇಳಲು ಸಾಧ್ಯವಿಲ್ಲ. ಆ ಸಭೆ ಒಂದು ಗಡುವನ್ನೂ ಹಾಕಿಕೊಂಡಿತು, ಒಂದು ವರ್ಷ, ಹೆಚ್ಚೆಂದರೆ ಎರಡು ವರ್ಷ. ಆದರೆ ಆ ಗಡುವು ಕೋಣೆಯ ಒಳಗೇ ಉಳಿಯಿತು. ಹೊರಗಿನವರಿಗೆ ಗೊತ್ತಿಲ್ಲ. ಕಾಬೂಲಿನಿಂದ ಉತ್ತರಕ್ಕೆ ಸೋವಿಯತ್ ಗಡಿ ಕಡೆ ಹೋಗುವ ಸಲಾಂಗ್ ಕಣಿವೆಯ ದಾರಿಯಲ್ಲಿ ಲಾರಿಗಳಿಗೆ ಕಾವಲು ನಿಂತ ಹತ್ತೊಂಬತ್ತು ವರ್ಷದ ಹುಡುಗನಿಗೂ ಗೊತ್ತಿಲ್ಲ.

ಗೊತ್ತಿದ್ದೂ ಯಾಕೆ ನಿಂತರು? ಅವರದೇ ಮಾತಲ್ಲಿ ಕಾರಣ ಇದೆ. 1987ರ ಫೆಬ್ರವರಿಯ ಸಭೆಗಳಲ್ಲಿ ಗೋರ್ಬಚೆವ್ ಹೇಳುತ್ತಾರೆ, ಹಿಂದಿನವರ ಮೇಲೆ ತಪ್ಪು ಹೊರಿಸಿ ಥಟ್ಟನೆ ಹೊರಡಬಹುದು, ಆದರೆ ಆಗುವುದಿಲ್ಲ. ಭಾರತ ಏನನ್ನುತ್ತದೆ, ಆಫ್ರಿಕಾದ ದೇಶಗಳು ಏನನ್ನುತ್ತವೆ. ಜೊತೆಗೆ ಇಷ್ಟು ಜನ ಸತ್ತಿದ್ದಾರೆ, ಯಾವುದಕ್ಕಾಗಿ ಅಂತ ನಮ್ಮ ಜನ ಕೇಳಿದರೆ ಏನು ಹೇಳುವುದು. ಈ ಕೊನೆಯ ಕಾರಣ ನನ್ನನ್ನು ಬಹಳ ಕಾಡುತ್ತದೆ. ಸತ್ತವರ ಸಾವು ವ್ಯರ್ಥವಾಗಬಾರದು ಅಂತ ಇನ್ನಷ್ಟು ಜನರನ್ನು ಅಲ್ಲೇ ಬಿಡುವುದು. ಗೋರ್ಬಚೆವ್ ಕ್ರೂರಿಯಲ್ಲ. ಈ ಯುದ್ಧ ಮುಗಿಯಬೇಕು ಅಂತ ಅವರು ನಿಜವಾಗಿ ಬಯಸಿದ್ದರು. ಆದರೂ ಮರ್ಯಾದೆ ಉಳಿಸಿಕೊಂಡು ಹೊರಡಬೇಕು ಅನ್ನುವ ಆಸೆ ಅವರನ್ನು ಕಟ್ಟಿಹಾಕಿತು. ಮರ್ಯಾದೆ ಮಾಸ್ಕೋದ್ದು, ಕಾಯುವ ಕೆಲಸ ಬೇರೆಯವರದ್ದು.

ಖೋಸ್ತ್ ನೋಡಿ. ಪಾಕಿಸ್ತಾನದ ಗಡಿ ಹತ್ತಿರದ ಊರು, ಸುತ್ತಲೂ ಮುತ್ತಿಗೆ. 1987ರ ಕೊನೆಯಲ್ಲಿ, ಅಂದರೆ ಹೊರಡುವುದು ಒಳಗೊಳಗೆ ತೀರ್ಮಾನವಾಗಿದ್ದ ಕಾಲದಲ್ಲಿ, ಗರ್ದೇಜ್‌ನಿಂದ ಆ ಊರಿನ ರಸ್ತೆ ತೆರೆಯಲು ಸಾವಿರಾರು ಸೈನಿಕರ ದೊಡ್ಡ ಕಾರ್ಯಾಚರಣೆ ಮಾಡಿದರು. ಚಳಿಗಾಲದಲ್ಲಿ, ಬೆಟ್ಟದ ಮೇಲೆ. ರಸ್ತೆ ತೆರೆಯಿತು, ಲಾರಿಗಳು ಹೋದವು. ಸೈನ್ಯ ಅಲ್ಲಿಂದ ಕದಲಿದ ಸ್ವಲ್ಪ ದಿನಕ್ಕೇ ರಸ್ತೆ ಮತ್ತೆ ಮುಚ್ಚಿತು. ಸೈನಿಕ ಕೆಲಸವಾಗಿ ಅದು ಅಚ್ಚುಕಟ್ಟಾಗಿ ನಡೆಯಿತು ಅನ್ನುತ್ತಾರೆ. ಆದರೆ ಆ ಬೆಟ್ಟಗಳಲ್ಲಿ ಸತ್ತ ಹುಡುಗರು ಯಾವುದಕ್ಕೆ ಸತ್ತರು? ನನಗೆ ಉತ್ತರ ಸಿಕ್ಕಿಲ್ಲ.

ಎಲ್ಲ ಬದಲಾಗಿದ್ದು 1988ರ ಫೆಬ್ರವರಿ 8ರಂದು. ಅವತ್ತು ಗೋರ್ಬಚೆವ್ ಟಿವಿ, ರೇಡಿಯೋದಲ್ಲಿ ತಾರೀಕು ಹೇಳಿದರು. ವಿಶ್ವಸಂಸ್ಥೆಯ ಮಧ್ಯಸ್ಥಿಕೆಯಲ್ಲಿ ಮಾತುಕತೆ ನಡೆಯುತ್ತಿದ್ದ ಜಿನೀವಾದಲ್ಲಿ ಒಪ್ಪಂದ ಆದರೆ ಮೇ 15ರಿಂದ ಹೊರಡುತ್ತೇವೆ. ಏಪ್ರಿಲ್ 14ರಂದು ಅಫ್ಘಾನಿಸ್ತಾನ, ಪಾಕಿಸ್ತಾನ ಸಹಿ ಹಾಕಿದವು, ಅಮೆರಿಕ, ಸೋವಿಯತ್ ಒಕ್ಕೂಟ ಜಾಮೀನು ನಿಂತವು. ಆಗಸ್ಟ್ 15ರೊಳಗೆ ಅರ್ಧ ಸೈನ್ಯ, 1989ರ ಫೆಬ್ರವರಿ 15ರೊಳಗೆ ಪೂರ್ತಿ. ಅರ್ಧ ಸೈನ್ಯ ಹೇಳಿದ ದಿನಕ್ಕೇ ಹೊರಟಿತು. ಆ ಮೇ ತಿಂಗಳಲ್ಲೇ ಸತ್ತವರ ಸಂಖ್ಯೆಯನ್ನು ಮೊದಲ ಸಲ ಬಹಿರಂಗ ಮಾಡಿದರು, 13,310. ಎಂಟು ವರ್ಷ ಮುಚ್ಚಿಟ್ಟ ಸಂಖ್ಯೆ ಹೊರಗೆ ಬರಲು ತಾರೀಕು ಹೊರಗೆ ಬರಬೇಕಾಯಿತು. ಇದು ಕಾಕತಾಳೀಯ ಅಂತ ನನಗೆ ಅನ್ನಿಸುವುದಿಲ್ಲ. ಇನ್ನು ಯುದ್ಧ ಮುಂದುವರಿಸುವ ಉದ್ದೇಶ ಇಲ್ಲ ಅಂದ ಮೇಲೆ ಮುಚ್ಚಿಡುವ ಅಗತ್ಯವೂ ಕಡಿಮೆಯಾಗುತ್ತದೆ.

ಆ ಒಂಬತ್ತು ತಿಂಗಳೂ ಸಲೀಸಾಗಿರಲಿಲ್ಲ. ಆಗಸ್ಟ್‌ನಲ್ಲಿ ಸೋವಿಯತ್ ಪಡೆ ಬಿಟ್ಟುಹೋದ ಕುಂದೂಜ್ ಕೆಲವು ದಿನ ಮುಜಾಹಿದೀನ್‌ಗಳ ಕೈಗೆ ಹೋಯಿತು. ನವೆಂಬರ್‌ನಲ್ಲಿ ವಾಪಸಾತಿಯನ್ನೇ ತಡೆಹಿಡಿದರು, ಸ್ಕಡ್ ಕ್ಷಿಪಣಿ ತಂದರು. 1989ರ ಜನವರಿಯಲ್ಲಿ ವಿದೇಶಾಂಗ ಮಂತ್ರಿ ಶೆವರ್ಡ್‌ನಾಡ್ಜೆ ಕಾಬೂಲಿಗೆ ಹೋಗಿ ಬಂದು, ರಸ್ತೆ ಕಾಯಲು ಒಂದಷ್ಟು ಸಾವಿರ ಸೈನಿಕರನ್ನು ಉಳಿಸಿಕೊಳ್ಳೋಣ ಅಂದರು. ನಜೀಬುಲ್ಲಾರನ್ನು ಕೈಬಿಟ್ಟ ಹಾಗಾಗುತ್ತದೆ ಅನ್ನುವುದು ಅವರ ವಾದ. ಸಣ್ಣ ವಾದವಲ್ಲ ಅದು. ಚೆರ್ನ್ಯಾಯೆವ್ ಬಲವಾಗಿ ವಿರೋಧಿಸಿದರು, ಕೊನೆಗೆ ಆ ಮಾತು ಬಿದ್ದುಹೋಯಿತು. ಅದು ಬೀಳಲು ದೊಡ್ಡ ಕಾರಣ ಲೋಕಕ್ಕೆಲ್ಲ ಹೇಳಿದ್ದ ತಾರೀಕು. ಅಂಥ ತಾರೀಕು ಇರದಿದ್ದರೆ 'ಇನ್ನು ಸ್ವಲ್ಪ ಜನ, ಇನ್ನು ಸ್ವಲ್ಪ ದಿನ' ಅನ್ನುವುದು ಎಲ್ಲಿಗೆ ಮುಟ್ಟುತ್ತಿತ್ತೋ.

ಪ್ರಶ್ನೆಗಳಿಗೆ ಬರುತ್ತೇನೆ. ಒಬ್ಬರು ಕೇಳಿದರು, ತಾರೀಕು ಹೇಳಿಬಿಟ್ಟರೆ ಎದುರಾಳಿ ಸುಮ್ನೆ ಕಾದು ಕೂರುತ್ತಾನೆ, ನೀವು ಹೋದ ಮೇಲೆ ನುಗ್ಗುತ್ತಾನೆ, ಅಲ್ಲವೇ? ಹೌದು, ಕಾಯುತ್ತಾನೆ. ಆದರೆ ಕಾಯುವಾಗ ಗುಂಡು ಹಾರಿಸುವುದಿಲ್ಲ ಅನ್ನುವುದನ್ನೂ ನೋಡಿ. ಪಂಜಶೀರ್ ಕಣಿವೆಯ ಮುಜಾಹಿದೀನ್ ನಾಯಕ ಅಹ್ಮದ್ ಶಾ ಮಸೂದ್ 1988ರ ಡಿಸೆಂಬರ್ ಕೊನೆಗೆ ಸೋವಿಯತ್ ಕಡೆಗೆ ಪತ್ರ ಬರೆದರು. ಹತ್ತು ವರ್ಷ ಸಹಿಸಿದ್ದೇವೆ, ಇನ್ನು ಕೆಲವು ದಿನವೂ ಸಹಿಸುತ್ತೇವೆ, ನೀವಾಗಿ ಕೈಯೆತ್ತಿದರೆ ಮಾತ್ರ ಉತ್ತರ ಕೊಡುತ್ತೇವೆ ಅನ್ನುವುದು ಅದರ ಸಾರ. ಸೋವಿಯತ್ ಕಮಾಂಡರ್‌ಗಳಿಗೂ ಇದೇ ಬೇಕಿತ್ತು. ಆದರೆ ನಜೀಬುಲ್ಲಾ ಮಸೂದ್‌ರನ್ನು ಹೊಡೆಯಲೇಬೇಕು ಅಂತ ಒತ್ತಾಯಿಸಿದರು, ಶೆವರ್ಡ್‌ನಾಡ್ಜೆ ಬೆಂಬಲಿಸಿದರು, ಮಾಸ್ಕೋ ಆದೇಶ ಕೊಟ್ಟಿತು. ಜನವರಿ 23ರಿಂದ ದಕ್ಷಿಣ ಸಲಾಂಗ್‌ನ ಹಳ್ಳಿಗಳ ಮೇಲೆ ವಿಮಾನ, ಫಿರಂಗಿಗಳಿಂದ ಹೊಡೆದರು. ಹೊರಡಲು ಮೂರು ವಾರ ಇದ್ದಾಗ. ಹಿಮದಲ್ಲಿ ಮನೆ ಕಳೆದುಕೊಂಡ ಜನ ಮಕ್ಕಳ ಹೆಣಗಳನ್ನು ತಂದು ರಸ್ತೆಯ ಪಕ್ಕ ಇಟ್ಟರು, ಹೊರಡುತ್ತಿದ್ದ ಸೈನಿಕರು ಅದನ್ನು ನೋಡುತ್ತಾ ಹೋದರು. ಕಾರ್ಯಾಚರಣೆಗೆ ಇಟ್ಟ ಹೆಸರು 'ತೈಫೂನ್'. ಇಡೀ ವಾಪಸಾತಿಯಲ್ಲಿ ಇದಕ್ಕಿಂತ ದೊಡ್ಡ ಅನ್ಯಾಯ ನನಗೆ ಕಾಣುವುದಿಲ್ಲ. ಹೊರಡುವವನನ್ನು ಎದುರಾಳಿ ಬಿಟ್ಟಿದ್ದ, ಹೊರಡುವವನೇ ಬಿಡಲಿಲ್ಲ.

ನುಗ್ಗುತ್ತಾನೆ ಅನ್ನುವ ಭಾಗಕ್ಕೂ ಉತ್ತರ ಇದೆ. ನಜೀಬುಲ್ಲಾ ಕೆಲವು ತಿಂಗಳಲ್ಲೇ ಬೀಳುತ್ತಾರೆ ಅಂತ ಅಮೆರಿಕ, ಪಾಕಿಸ್ತಾನ ಲೆಕ್ಕ ಹಾಕಿದ್ದವು. 1989ರ ಮಾರ್ಚ್‌ನಲ್ಲಿ ಮುಜಾಹಿದೀನ್‌ಗಳು ಜಲಾಲಾಬಾದ್ ಮೇಲೆ ನುಗ್ಗಿದರು, ಅಫ್ಘನ್ ಸೇನೆ ಒಂದೇ ನಿಂತು ಅವರನ್ನು ತಡೆಯಿತು. ಸೋವಿಯತ್ ಸೈನಿಕರು ಇಲ್ಲದೆ ಆ ಸರ್ಕಾರ ಮೂರು ವರ್ಷ ಉಳಿಯಿತು. ಯಾಕೆಂದರೆ ಆಯುಧ, ಇಂಧನ, ಗೋಧಿ, ದುಡ್ಡು ಉತ್ತರದಿಂದ ಬರುತ್ತಲೇ ಇತ್ತು. 1991ರ ಸೆಪ್ಟೆಂಬರ್‌ನಲ್ಲಿ ಎರಡೂ ದೊಡ್ಡ ದೇಶಗಳು ಆಯುಧ ಕೊಡುವುದನ್ನು ಹೊಸ ವರ್ಷದಿಂದ ನಿಲ್ಲಿಸಲು ಒಪ್ಪಿದವು. ಅಷ್ಟರಲ್ಲಿ ಸೋವಿಯತ್ ಒಕ್ಕೂಟವೇ ಇಲ್ಲವಾಯಿತು. 1992ರ ಮೊದಲ ತಿಂಗಳುಗಳಲ್ಲಿ ನಜೀಬುಲ್ಲಾರ ಪರ ಹೋರಾಡುತ್ತಿದ್ದ ಜನರಲ್ ದೋಸ್ತುಮ್ ಮುಜಾಹಿದೀನ್‌ಗಳ ಕಡೆ ಸೇರಿದರು, ಏಪ್ರಿಲ್‌ನಲ್ಲಿ ಎಲ್ಲ ಮುಗಿಯಿತು. ನಜೀಬುಲ್ಲಾ ದೆಹಲಿಗೆ ಹೊರಟವರು ಕಾಬೂಲ್ ವಿಮಾನ ನಿಲ್ದಾಣ ದಾಟಲಾಗದೆ ವಿಶ್ವಸಂಸ್ಥೆಯ ಕಚೇರಿ ಸೇರಿದರು, 1996ರಲ್ಲಿ ತಾಲಿಬಾನ್ ಅಲ್ಲಿಂದ ಎಳೆದು ಕೊಂದಿತು. ಆ ಸರ್ಕಾರ ಒಳ್ಳೆಯದಿತ್ತು ಅಂತ ನಾನು ಹೇಳುತ್ತಿಲ್ಲ. ಸೈನ್ಯ ಹೊರಟದ್ದರಿಂದ ಅದು ಬೀಳಲಿಲ್ಲ, ಸರಬರಾಜು ನಿಂತದ್ದರಿಂದ ಬಿತ್ತು. ಅಮೆರಿಕ 2021ರಲ್ಲಿ ಹೊರಡುವಾಗ ಅಫ್ಘನ್ ವಿಮಾನಗಳ ರಿಪೇರಿ ಮಾಡುತ್ತಿದ್ದ ಗುತ್ತಿಗೆದಾರರನ್ನೂ ಜೊತೆಗೇ ಕರೆದುಕೊಂಡು ಹೋಯಿತು. ಆಗ ಕೊನೆಯ ಅಮೆರಿಕನ್ ಸೈನಿಕ ಹೊರಡುವ ಮೊದಲೇ, ಆಗಸ್ಟ್ 15ಕ್ಕೆ, ಕಾಬೂಲ್ ಬಿತ್ತು. ತಾರೀಕು ಬೇಕೇ ಬೇಕು. ತಾರೀಕಿನ ಮರುದಿನಕ್ಕೆ ಏನು ಅನ್ನುವುದೂ ಅಷ್ಟೇ ಬೇಕು.

ಇನ್ನೊಬ್ಬರ ಪ್ರಶ್ನೆ ಹೀಗಿತ್ತು, 1985ರಲ್ಲೇ ಹೊರಡಲು ಗೋರ್ಬಚೆವ್‌ಗೆ ನಿಜವಾಗಿ ಸಾಧ್ಯವಿತ್ತೇ, ಈಗ ಕೂತು ಹೇಳುವುದು ಸುಲಭ ಅಲ್ಲವೇ? ಅವತ್ತು ಬೆಳಗಾಗುವಷ್ಟರಲ್ಲಿ ಹೊರಡಬೇಕಿತ್ತು ಅಂತ ನಾನು ಹೇಳುವುದಿಲ್ಲ. ಲಕ್ಷ ಸೈನಿಕರನ್ನು ಕೆಲವೇ ರಸ್ತೆಗಳಲ್ಲಿ ಸಾಗಿಸಲು ತಿಂಗಳುಗಳು ಬೇಕು, ಒಂಬತ್ತು ತಿಂಗಳು ಸಾಕು ಅಂತ 1988ರಲ್ಲಿ ಅವರೇ ತೋರಿಸಿದರು. ಜಿನೀವಾ ಮಾತುಕತೆ 1982ರಿಂದಲೇ ನಡೆಯುತ್ತಿತ್ತು. 1983ರಲ್ಲಿ, ಆಗ ಸೋವಿಯತ್ ನಾಯಕರಾಗಿದ್ದ ಆಂದ್ರೊಪೊವ್ ವಿಶ್ವಸಂಸ್ಥೆಯ ಮಹಾ ಕಾರ್ಯದರ್ಶಿಯ ಎದುರು ಈ ಯುದ್ಧ ತಮಗೆ ಯಾಕೆ ಬೇಡ ಅನ್ನುವ ಕಾರಣಗಳನ್ನು ಬೆರಳು ಮಡಿಸಿ ಎಣಿಸಿದ್ದರು. ಮೇಜು ಇತ್ತು, ಮಧ್ಯಸ್ಥರಿದ್ದರು, ಕಾರಣಗಳ ಪಟ್ಟಿಯೂ ಇತ್ತು. 1988ರಲ್ಲಿ ಸಿಕ್ಕ ಒಪ್ಪಂದವಾದರೂ ಏನು? ಅಮೆರಿಕ ಆಯುಧ ಕೊಡುವುದನ್ನು ನಿಲ್ಲಿಸಲಿಲ್ಲ, ಪಾಕಿಸ್ತಾನ ನಿಲ್ಲಿಸಲಿಲ್ಲ, ಮುಜಾಹಿದೀನ್‌ಗಳು ಸಹಿಯನ್ನೇ ಹಾಕಲಿಲ್ಲ. ಕಾದದ್ದಕ್ಕೆ ಷರತ್ತುಗಳು ಉತ್ತಮವಾಗಲಿಲ್ಲ. ಹಾಗಾಗಿ ನನ್ನ ಉತ್ತರ, ತಾಯಂದಿರ ಪತ್ರ ಓದಿದ ಆ ಸಭೆಯಲ್ಲೇ ತಾರೀಕು ಗೊತ್ತುಮಾಡಿ 1986ರ ಫೆಬ್ರವರಿಯ ಅಧಿವೇಶನದಲ್ಲಿ ಅದನ್ನು ಹೇಳಬಹುದಿತ್ತು. ಆಗಲೂ ಸಿಗುತ್ತಿದ್ದದ್ದು ಹೆಚ್ಚುಕಡಿಮೆ ಇದೇ ಒಪ್ಪಂದ, ಎರಡು ವರ್ಷ ಮೊದಲು.

1989ರ ಡಿಸೆಂಬರ್‌ನಲ್ಲಿ ಸೋವಿಯತ್ ಜನಪ್ರತಿನಿಧಿಗಳ ಮಹಾಸಭೆ ಸೈನ್ಯ ಕಳಿಸಿದ ತೀರ್ಮಾನವನ್ನು ಖಂಡಿಸಿತು, ಅದಕ್ಕೆ ನೈತಿಕ ಮತ್ತು ರಾಜಕೀಯ ಸಮರ್ಥನೆ ಇಲ್ಲ ಅಂದಿತು. ಕಳಿಸಿದ ಆಗಿನ ನಾಯಕ ಬ್ರೆಝ್ನೆವ್, ಆಂದ್ರೊಪೊವ್, ರಕ್ಷಣಾ ಮಂತ್ರಿ ಉಸ್ತಿನೊವ್, ಗ್ರೊಮಿಕೊ ನಾಲ್ವರೂ ಆಗ ಬದುಕಿರಲಿಲ್ಲ. ಆರು ಲಕ್ಷಕ್ಕೂ ಹೆಚ್ಚು ಜನ ಆ ಯುದ್ಧಕ್ಕೆ ಹೋಗಿ ಬಂದಿದ್ದರು. ಮನೆಗಾಗಿ, ಪಿಂಚಣಿಗಾಗಿ, ಕೃತಕ ಕಾಲಿಗಾಗಿ ಕಚೇರಿಗಳಿಗೆ ಹೋದಾಗ ಅವರಿಗೆ ಸಿಗುತ್ತಿದ್ದ ಉತ್ತರ ಒಂದೇ, ನಿಮ್ಮನ್ನು ಅಲ್ಲಿಗೆ ಕಳಿಸಿದ್ದು ನಾನಲ್ಲ. ಕಳಿಸಿದವರ ಬಗ್ಗೆ ಮಹಾಸಭೆ ನಿರ್ಣಯ ಮಾಡಿತು. 1985ರಿಂದ 1988ರವರೆಗೆ ಕಾಯಿಸಿದವರ ಬಗ್ಗೆ ಅಂಥ ನಿರ್ಣಯ ಬರಲೇ ಇಲ್ಲ.